ಗ್ರಾಫ್ಟ್ ಸಿಮ್ಯುಲೇಶನ್‌ನಲ್ಲಿ ಹರಿವು ಅದುರುತ್ತಿದೆಯಾ? ಸ್ಮೂತ್ ಮಾಡುವ ಮುಂಚೆ ಇಷ್ಟು ನೋಡಿ

ಡಯಾಲಿಸಿಸ್ ಗ್ರಾಫ್ಟ್‌ನೊಳಗಿನ (ಡಯಾಲಿಸಿಸ್‌ಗಾಗಿ ಆರ್ಟರಿಯಿಂದ ವೇನ್‌ಗೆ ಹೊಲಿಯುವ ಕೃತಕ ಕೊಳವೆ) ರಕ್ತದ ಹರಿವನ್ನು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕುವವರಿಗೆ ಬರುವ ತೊಂದರೆ ಹೆಚ್ಚು ಕಮ್ಮಿ ಒಂದೇ. ರೆಸಿಡ್ಯುಅಲ್, ಅಂದರೆ ಲೆಕ್ಕದಲ್ಲಿ ಇನ್ನೂ ಉಳಿದಿರುವ ತಪ್ಪು, ಒಂದು ಮಟ್ಟಕ್ಕೆ ಇಳಿದು ಅಲ್ಲೇ ನಿಲ್ಲುತ್ತದೆ. ವೇನ್ ಕಡೆಯ ಜೋಡಣೆಯ ಹತ್ತಿರ ವೆಲಾಸಿಟಿ ಒಂದೇ ಸಮನೆ ಅದುರುತ್ತದೆ. ಆಗ ಎಲ್ಲರೂ ಮಾಡುವುದೂ ಒಂದೇ: ಲೆಕ್ಕದ ಸ್ಕೀಮ್ ಅನ್ನು ಒರಟಾದ ಫಸ್ಟ್ ಆರ್ಡರ್ ಅಪ್‌ವಿಂಡ್‌ಗೆ ಇಳಿಸುತ್ತಾರೆ, ಕೆ-ಎಪ್ಸಿಲಾನ್ ಅನ್ನುವ ಟರ್ಬುಲೆನ್ಸ್ ಮಾಡೆಲ್ ಹಾಕುತ್ತಾರೆ, ಟೈಮ್ ಸ್ಟೆಪ್ ದೊಡ್ಡದು ಮಾಡುತ್ತಾರೆ. ಗ್ರಾಫ್ ನುಣ್ಣಗಾಗುತ್ತದೆ, ಥೀಸಿಸ್‌ಗೆ ಚಿತ್ರ ಸಿಗುತ್ತದೆ.

ದಯವಿಟ್ಟು ಅದನ್ನು ಮೊದಲ ಹೆಜ್ಜೆ ಮಾಡಬೇಡಿ. ಗ್ರಾಫ್ಟ್ ಇರುವ ರೋಗಿಯ ತೋಳಿನ ಮೇಲೆ ಬೆರಳಿಟ್ಟು ನೋಡಿದರೆ ಒಳಗೆ ಏನೋ ಗುಂಯ್‌ಗುಟ್ಟುವುದು ಗೊತ್ತಾಗುತ್ತದೆ. ಡಾಕ್ಟರುಗಳು ಅದಕ್ಕೆ ಥ್ರಿಲ್ ಅನ್ನುತ್ತಾರೆ, ಸ್ಟೆತಸ್ಕೋಪ್‌ನಲ್ಲಿ ಕೇಳುವ ಸದ್ದಿಗೆ ಬ್ರೂಯಿ. ನಿಜವಾದ ಹರಿವೇ ಅದುರುತ್ತದೆ ಅಂದಮೇಲೆ ನಿಮ್ಮ ಸಿಮ್ಯುಲೇಶನ್ ಅದುರುವುದು ತಪ್ಪೇ ಆಗಿರಬೇಕಿಲ್ಲ, ಅಲ್ವಾ? ಹಾಗಂತ ಎಲ್ಲ ಅದುರುವಿಕೆಯೂ ಸರಿ ಅಂತಲೂ ಅಲ್ಲ. ಯಾವುದು ರಕ್ತದ್ದು, ಯಾವುದು ಸಾಲ್ವರ್‌ನದು (ಲೆಕ್ಕ ಮಾಡುವ ಪ್ರೋಗ್ರಾಂನದು) ಅಂತ ಬೇರೆ ಮಾಡಲು ದಾರಿ ಇದೆ. ಅದಕ್ಕೂ ಮುಂಚೆ ಅಗ್ಗದ ತಪ್ಪುಗಳನ್ನು ಮುಗಿಸಿಬಿಡೋಣ.

ಇಲ್ಲಿ ನಾನು ಮನಸ್ಸಲ್ಲಿ ಇಟ್ಟುಕೊಂಡಿರುವ ಕೇಸ್ ಇದು: ಮೇಲ್ತೋಳಿನಲ್ಲಿ ಬ್ರೇಕಿಯಲ್ ಆರ್ಟರಿಯಿಂದ ಆಕ್ಸಿಲರಿ ವೇನ್‌ಗೆ ಹೊಲಿದ ಇ-ಪಿಟಿಎಫ್‌ಇ (ಟೆಫ್ಲಾನ್ ಜಾತಿಯ ಪ್ಲಾಸ್ಟಿಕ್) ಕೊಳವೆ, ಒಳ ವ್ಯಾಸ 6 ಮಿಮೀ, ಹರಿವು ನಿಮಿಷಕ್ಕೆ 1 ಲೀಟರ್. ನಮ್ಮ ದೇಶದಲ್ಲಿ ಗ್ರಾಫ್ಟ್‌ಗಿಂತ ಫಿಸ್ಟುಲಾನೇ (ಆರ್ಟರಿ-ವೇನ್ ನೇರವಾಗಿ ಹೊಲಿಯುವುದು) ಜಾಸ್ತಿ, ಆದರೆ ಕೆಳಗಿನ ಪರೀಕ್ಷೆಗಳಲ್ಲಿ ಬಹುಪಾಲು ಅದಕ್ಕೂ ನಡೆಯುತ್ತವೆ.

ಮೊದಲು ಕಾಗದದ ಮೇಲೆ ಲೆಕ್ಕ

ಕಂಪ್ಯೂಟರ್ ಮುಟ್ಟುವ ಮುಂಚೆ ಐದು ನಿಮಿಷ ಕೊಡಿ. ರಕ್ತದ ಸಾಂದ್ರತೆ 1060 ಕೆಜಿ ಪ್ರತಿ ಘನ ಮೀಟರ್, ಸ್ನಿಗ್ಧತೆ 0.0035 ಪಾಸ್ಕಲ್-ಸೆಕೆಂಡ್ ಅಂತ ಇಟ್ಟುಕೊಳ್ಳಿ. 6 ಮಿಮೀ ಕೊಳವೆಯಲ್ಲಿ ನಿಮಿಷಕ್ಕೆ 1 ಲೀಟರ್ ಹೋದರೆ ಸರಾಸರಿ ವೇಗ ಸೆಕೆಂಡಿಗೆ 0.59 ಮೀಟರ್. ರೆನಾಲ್ಡ್ಸ್ ಸಂಖ್ಯೆ (ಹೆಚ್ಚಾದಷ್ಟೂ ಹರಿವು ಕದಡುವ ಸಾಧ್ಯತೆ ಜಾಸ್ತಿ) ಸುಮಾರು 1070. ನೇರ ಕೊಳವೆಯಲ್ಲಿ ಪೂರ್ತಿ ಬೆಳೆದ ಹರಿವಿಗೆ ವಾಲ್ ಶಿಯರ್ ಸ್ಟ್ರೆಸ್ (ರಕ್ತ ಗೋಡೆಯನ್ನು ಉಜ್ಜುವ ಒತ್ತು) 2.75 ಪಾಸ್ಕಲ್, ಒತ್ತಡದ ಇಳಿಕೆ ಪ್ರತಿ 10 ಸೆಂಟಿಮೀಟರ್‌ಗೆ ಸುಮಾರು 1.4 ಮಿಮೀ ಪಾದರಸ. ಈ ನಾಲ್ಕು ಅಂಕಿಗಳನ್ನು ಗೋಡೆಗೆ ಅಂಟಿಸಿಕೊಳ್ಳಿ. ಮುಂದೆ ಏನೇ ಕೆಟ್ಟರೂ ಇವುಗಳ ಜೊತೆ ಹೋಲಿಸಿದರೆ ಅರ್ಧ ರೋಗ ಗೊತ್ತಾಗುತ್ತದೆ.

ಆಮೇಲೆ ಗ್ರಾಫ್ಟ್ ಬಿಟ್ಟು ಬರೀ ಒಂದು ನೇರ ಕೊಳವೆಗೆ ನಿಮ್ಮದೇ ಮೆಶ್ (ಕೊಳವೆಯ ಒಳಜಾಗವನ್ನು ಸಣ್ಣ ಸೆಲ್‌ಗಳಾಗಿ ಕತ್ತರಿಸಿದ ಜಾಲ) ಸೆಟ್ಟಿಂಗ್, ನಿಮ್ಮದೇ ಸ್ಕೀಮ್ ಹಾಕಿ ಓಡಿಸಿ. ಇನ್ಲೆಟ್‌ನಲ್ಲಿ ಪ್ಯಾರಾಬೋಲಾ ಕೊಡಿ, ಯಾಕೆಂದರೆ ಚಪ್ಪಟೆ ಪ್ರೊಫೈಲ್ ಕೊಟ್ಟರೆ ಅದು ಪ್ಯಾರಾಬೋಲಾ ಆಗಲು ವ್ಯಾಸದ 60 ಪಟ್ಟಿಗಿಂತ ಜಾಸ್ತಿ ಉದ್ದ ಬೇಕು, ಅಂದರೆ 36 ಸೆಂಟಿಮೀಟರ್ ದಾಟುತ್ತದೆ. 2.75ರ ಹತ್ತಿರ ಬರಲಿಲ್ಲವೇ? ಗೋಡೆಯ ಪಕ್ಕದ ಪದರಗಳು ಸಾಲುತ್ತಿಲ್ಲ. ಇಲ್ಲೇ ಸರಿ ಮಾಡಿ. ಗ್ರಾಫ್ಟ್‌ನ ಜೋಡಣೆ ಹತ್ತಿರ ಶಿಯರ್ ಇನ್ನೂ ಏರುತ್ತದೆ, ನೇರ ಕೊಳವೆಯಲ್ಲೇ ಸೋತ ಮೆಶ್ ಅಲ್ಲಿ ಗೆಲ್ಲುವುದಿಲ್ಲ.

ಅಂಕಿ ಸಾವಿರ ಪಟ್ಟು ತಪ್ಪಿದೆ

ಇದರಲ್ಲಿ ಎರಡು ಕಾಯಿಲೆ ಇವೆ. ಎರಡೂ ನೋಡಲು ಒಂದೇ ಥರ ಇರುವುದರಿಂದ ಜನ ತುಂಬಾ ಗೊಂದಲ ಮಾಡಿಕೊಳ್ಳುತ್ತಾರೆ.

ಓಪನ್‌ಫೋಮ್ ಅನ್ನುವ ಹರಿವಿನ ಸಾಫ್ಟ್‌ವೇರ್‌ನ ಇನ್‌ಕಂಪ್ರೆಸಿಬಲ್ ಸಾಲ್ವರ್‌ಗಳು ಒತ್ತಡವನ್ನೂ ಶಿಯರ್ ಸ್ಟ್ರೆಸ್‌ನ್ನೂ ಸಾಂದ್ರತೆಯಿಂದ ಭಾಗಿಸಿಯೇ ಕೊಡುತ್ತವೆ. ಹಾಗಾಗಿ 2.75 ಬರಬೇಕಾದ ಕಡೆ 0.0026 ಕಾಣುತ್ತದೆ. 1060ರಿಂದ ಗುಣಿಸಿ, ಮುಗೀತು. ಸ್ನಿಗ್ಧತೆ ಕೊಡುವಾಗಲೂ ಅಷ್ಟೇ, 0.0035 ಅಲ್ಲ, 1060ರಿಂದ ಭಾಗಿಸಿದ 3.3 ಮೈಕ್ರೋ. ಅದನ್ನು ಮರೆತು 0.0035ನ್ನೇ ಹಾಕಿದರೆ ರೆನಾಲ್ಡ್ಸ್ ಸಂಖ್ಯೆ 1ರ ಆಸುಪಾಸಿಗೆ ಬಿದ್ದುಹೋಗುತ್ತದೆ. ಹರಿವು ಎಲ್ಲೂ ಗೋಡೆ ಬಿಡದೆ, ಸುಳಿಯೇ ಇಲ್ಲದೆ, ಅತಿ ಚೆಂದವಾಗಿ ಕನ್ವರ್ಜ್ ಆಗುತ್ತದೆ. ಗ್ರಾಫ್ಟ್ ಕೇಸ್ ಒಂದು ಸಲಕ್ಕೇ ಅಷ್ಟು ಚೆಂದ ಕನ್ವರ್ಜ್ ಆದರೆ ನಾನು ಮೊದಲು ನೋಡುವುದು ಸ್ನಿಗ್ಧತೆಯ ಸಾಲನ್ನೇ.

ಎರಡನೆಯದು ಮಿಲಿಮೀಟರ್-ಮೀಟರ್ ಗೊಂದಲ. ಸಿಟಿ ಸ್ಕ್ಯಾನ್‌ನಿಂದ ತೆಗೆದ ಎಸ್‌ಟಿಎಲ್ ಫೈಲ್ (ನಾಳದ ಮೇಲ್ಮೈಯ ಆಕಾರ) ಸಾಮಾನ್ಯವಾಗಿ ಮಿಲಿಮೀಟರ್‌ನಲ್ಲಿ ಇರುತ್ತದೆ, ಸಾಲ್ವರ್ ಅದನ್ನು ಮೀಟರ್ ಅಂದುಕೊಳ್ಳುತ್ತದೆ. ಈಗ ನಿಮ್ಮ ಗ್ರಾಫ್ಟ್‌ನ ವ್ಯಾಸ 6 ಮೀಟರ್! ಇನ್ಲೆಟ್‌ನಲ್ಲಿ ಹರಿವಿನ ಪ್ರಮಾಣ ಕೊಟ್ಟಿದ್ದರೆ ವೇಗ ಹತ್ತು ಲಕ್ಷ ಪಟ್ಟು ಕಡಿಮೆ ಬರುತ್ತದೆ, ಆಗ ತಕ್ಷಣ ಗೊತ್ತಾಗುತ್ತದೆ. ಆದರೆ ವೇಗವನ್ನೇ ಕೊಟ್ಟಿದ್ದರೆ ವೇಗದ ಚಿತ್ರ ಸರಿಯಾಗೇ ಕಾಣುತ್ತದೆ, ಶಿಯರ್ ಮಾತ್ರ ತೀರಾ ಕಡಿಮೆ, ರೆನಾಲ್ಡ್ಸ್ ಸಂಖ್ಯೆ ಹತ್ತು ಲಕ್ಷ ದಾಟಿರುತ್ತದೆ. ಓಪನ್‌ಫೋಮ್‌ನ ಚೆಕ್‌ಮೆಶ್ ಓಡಿಸಿ ಬೌಂಡಿಂಗ್ ಬಾಕ್ಸ್ (ಮಾಡೆಲ್‌ನ ಒಟ್ಟು ಉದ್ದಗಲ) ನೋಡಿ. 0.3 ಬದಲು 300 ಇದ್ದರೆ 0.001ರಿಂದ ಸ್ಕೇಲ್ ಮಾಡಿ. ಫ್ಲೂಯೆಂಟ್ ಅನ್ನುವ ಸಾಫ್ಟ್‌ವೇರ್‌ನಲ್ಲೂ ಮೆಶ್ ತೆರೆದ ಕೂಡಲೇ ಸ್ಕೇಲ್ ನೋಡುವ ಅಭ್ಯಾಸ ಒಳ್ಳೇದು. ರಕ್ತನಾಳಗಳಿಗೆಂದೇ ಇರುವ ಸಿಮ್‌ವ್ಯಾಸ್ಕ್ಯುಲರ್‌ನಲ್ಲಿ ಸೆಂಟಿಮೀಟರ್-ಗ್ರಾಂ ಪದ್ಧತಿ ಬಳಸಿದ್ದರೆ ಅಂಕಿ 27.5 ಬರುತ್ತದೆ. ಅದು ಡೈನ್‌ನಲ್ಲಿ ಬಂದ ಉತ್ತರ, ಗಾಬರಿ ಬೇಡ, ಹತ್ತರಿಂದ ಭಾಗಿಸಿದರೆ ಪಾಸ್ಕಲ್.

ಅರ್ಧ ರಕ್ತ ಕೈಗೆ ಹೋಗುತ್ತಿದೆ

ಈ ಕೇಸ್‌ನಲ್ಲಿ ಹೊರಹೋಗುವ ದಾರಿ ಎರಡು. ಒಂದು ವೇನ್, ಇನ್ನೊಂದು ಜೋಡಣೆ ದಾಟಿ ಮುಂಗೈ ಕಡೆಗೆ ಹೋಗುವ ಆರ್ಟರಿ. ಎರಡಕ್ಕೂ ಸೊನ್ನೆ ಒತ್ತಡ ಕೊಡುವುದು ಇಲ್ಲಿನ ಅತಿ ಸಾಮಾನ್ಯ ತಪ್ಪು. ಹಾಗೆ ಕೊಟ್ಟರೆ ಸಾಲ್ವರ್‌ಗೆ ಕೈಯ ಸಣ್ಣ ನಾಳಗಳ ಅಡ್ಡಿ ಇದೆ ಅಂತ ಗೊತ್ತೇ ಆಗುವುದಿಲ್ಲ, ಹತ್ತಿರದ ಬಾಗಿಲಿಂದ ರಕ್ತ ಸುರಿಯುತ್ತದೆ.

ನಿಜದಲ್ಲಿ ಹೇಗಿದೆ ನೋಡಿ. ಗ್ರಾಫ್ಟ್ ಇಲ್ಲದ, ವಿಶ್ರಾಂತಿಯಲ್ಲಿರುವ ತೋಳಿನ ಬ್ರೇಕಿಯಲ್ ಆರ್ಟರಿಯಲ್ಲಿ ಹರಿವು ನಿಮಿಷಕ್ಕೆ ಸುಮಾರು 50ರಿಂದ 100 ಮಿಲಿ ಅಷ್ಟೇ. ಗ್ರಾಫ್ಟ್ ಹೊಲಿದ ಮೇಲೆ ಒಂದು ಲೀಟರ್ ಬರುವುದು ಗ್ರಾಫ್ಟ್ ಅಡ್ಡಿಯಿಲ್ಲದ ದಾರಿ ತೆಗೆದಿದ್ದಕ್ಕೆ, ಕೈಗೆ ಅಷ್ಟು ಬೇಕಾಗಿದ್ದಕ್ಕಲ್ಲ. ಹಾಗಾಗಿ ಕೈ ಕಡೆಯ ಔಟ್ಲೆಟ್‌ಗೆ ವಿಂಡ್‌ಕೆಸೆಲ್ (ಮುಂದಿನ ನಾಳಗಳ ಅಡ್ಡಿ ಮತ್ತು ಹಿಗ್ಗುವಿಕೆಗೆ ಬದಲಿಯಾದ ಸರಳ ಮಾಡೆಲ್) ಹಾಕಿ, ಅಥವಾ ಡಾಪ್ಲರ್‌ನಲ್ಲಿ ಅಳೆದ ಹರಿವು ಇದ್ದರೆ ಅದನ್ನೇ ಕೊಡಿ. ವ್ಯಾಸದ ಘನಕ್ಕೆ ತಕ್ಕಂತೆ ಹರಿವು ಹಂಚುವ ಮರ್ರೆ ಸೂತ್ರವನ್ನು ಇಲ್ಲಿ ಬಳಸಬೇಡಿ. ಅದು ದೇಹ ತಾನಾಗಿ ಬೆಳೆಸಿದ ಕವಲುಗಳಿಗೆ, ಸರ್ಜನ್ ಹೊಲಿದ ಅಡ್ಡದಾರಿಗೆ ಅಲ್ಲ.

ಇನ್ನೊಂದು ವಿಷಯ ತುಂಬಾ ಜನರ ಗಮನಕ್ಕೆ ಬರುವುದಿಲ್ಲ. ಕೆಲವು ರೋಗಿಗಳಲ್ಲಿ ಈ ಆರ್ಟರಿಯಲ್ಲಿ ರಕ್ತ ಹಿಂದಕ್ಕೆ ಹರಿಯುತ್ತದೆ, ಮುಂಗೈಗೆ ಹೋಗಬೇಕಾದದ್ದನ್ನು ಗ್ರಾಫ್ಟ್ ಎಳೆದುಕೊಳ್ಳುತ್ತದೆ. ಇದು ತೀವ್ರವಾಗಿ ಕೈ ತಣ್ಣಗಾಗಿ ನೋವು ಬಂದರೆ ಸ್ಟೀಲ್ (ಕದಿಯುವ) ಸಿಂಡ್ರೋಮ್ ಅನ್ನುತ್ತಾರೆ. ನೀವು ವಿಂಡ್‌ಕೆಸೆಲ್‌ನ ಆಚೆ ತುದಿಗೆ ಸೊನ್ನೆ ಒತ್ತಡ ಕೊಟ್ಟಿದ್ದರೆ ಸರಾಸರಿ ಹರಿವು ಯಾವತ್ತೂ ಹಿಂದಕ್ಕೆ ತಿರುಗಲು ಸಾಧ್ಯವೇ ಇಲ್ಲ. ಯಾಕೆಂದರೆ ಜೋಡಣೆಯಲ್ಲಿ ಒತ್ತಡ ಎಷ್ಟೇ ಬಿದ್ದರೂ ಸೊನ್ನೆಗಿಂತ ಮೇಲೇ ಇರುತ್ತದೆ. "ನನ್ನ ಮಾಡೆಲ್‌ನಲ್ಲಿ ಸ್ಟೀಲ್ ಬರುತ್ತಿಲ್ಲ" ಅನ್ನುವವರು ಸಾಲ್ವರ್ ದೂರುವ ಮುಂಚೆ ಇದನ್ನು ನೋಡಬೇಕು. ಮೊಣಕೈ ಸುತ್ತ ಮೇಲಿನಿಂದ ರಕ್ತ ತರುವ ಅಡ್ಡನಾಳಗಳಿವೆ, ಅವನ್ನು ಒಂದು ರೆಸಿಸ್ಟೆನ್ಸ್ ಮೂಲಕ ಆರ್ಟರಿ ಒತ್ತಡಕ್ಕೆ ಜೋಡಿಸಿದರೆ ಮಾತ್ರ ಹಿಂದಿನ ಹರಿವಿಗೆ ದಾರಿ ಸಿಗುತ್ತದೆ.

ಓಡುತ್ತಾ ಓಡುತ್ತಾ ಒಡೆದು ಹೋಯಿತು

ವೇಗ ಒಮ್ಮೆಲೇ ಆಕಾಶಕ್ಕೆ ಏರಿ ಸಾಲ್ವರ್ ಬಿದ್ದರೆ, ಬೀಳುವ ಸ್ವಲ್ಪ ಮುಂಚಿನ ಸ್ಟೆಪ್ ತೆರೆದು ಅತಿ ಹೆಚ್ಚು ವೇಗ ಯಾವ ಸೆಲ್‌ನಲ್ಲಿದೆ ಅಂತ ಹುಡುಕಿ. ಜಾಗ ಗೊತ್ತಾದರೆ ಕಾರಣ ಗೊತ್ತಾದ ಹಾಗೆ.

ವೇನ್ ಔಟ್ಲೆಟ್ ಮುಖದಲ್ಲೇ ಇದ್ದರೆ ಅದು ಬ್ಯಾಕ್‌ಫ್ಲೋ. ಒಟ್ಟು ಹರಿವು ಹೊರಗೇ ಹೋಗುತ್ತಿರುತ್ತದೆ, ಆದರೆ ಜೋಡಣೆಯಲ್ಲಿ ಹುಟ್ಟಿದ ಸುಳಿ ಔಟ್ಲೆಟ್ ದಾಟುವಾಗ ಅದರ ಒಂದು ಪಕ್ಕದಲ್ಲಿ ವೇಗ ಒಳಮುಖವಾಗಿರುತ್ತದೆ, ಅಲ್ಲಿಂದ ಲೆಕ್ಕವಿಲ್ಲದ ಶಕ್ತಿ ಒಳಗೆ ನುಗ್ಗುತ್ತದೆ. ವೇನ್‌ನ್ನು ವ್ಯಾಸದ ಹತ್ತು ಪಟ್ಟಿನಷ್ಟಾದರೂ ಉದ್ದ ಮಾಡಿ, ವಿಎಮ್‌ಟಿಕೆ ಅನ್ನುವ ಸಾಫ್ಟ್‌ವೇರ್‌ನಲ್ಲಿ ಇದಕ್ಕೇ ಫ್ಲೋ ಎಕ್ಸ್‌ಟೆನ್ಶನ್ ಇದೆ. ಓಪನ್‌ಫೋಮ್‌ನಲ್ಲಿ ಇನ್ಲೆಟ್‌ಔಟ್ಲೆಟ್ ಕಂಡಿಷನ್, ಸಿಮ್‌ವ್ಯಾಸ್ಕ್ಯುಲರ್‌ನಲ್ಲಿ ಬ್ಯಾಕ್‌ಫ್ಲೋ ಸ್ಟೆಬಿಲೈಸೇಶನ್ ಹಾಕಿ. ಇವೆರಡೂ ಔಟ್ಲೆಟ್ ಹತ್ತಿರದ ಹರಿವನ್ನು ಸ್ವಲ್ಪ ಬದಲಿಸುತ್ತವೆ, ಅದಕ್ಕೇ ಉದ್ದ ಮಾಡಿದ ಭಾಗದ ಅಂಕಿಗಳನ್ನು ಫಲಿತಾಂಶದಲ್ಲಿ ಸೇರಿಸಬಾರದು.

ಜೋಡಣೆಯ ಟೋ ಅಥವಾ ಹೀಲ್‌ನಲ್ಲಿ (ಓರೆ ಹೊಲಿಗೆಯ ಮುಂದಿನ ಮತ್ತು ಹಿಂದಿನ ತುದಿ) ಒಡೆದರೆ ಮೆಶ್ ಕಾರಣ ಇರುವ ಸಾಧ್ಯತೆ ಜಾಸ್ತಿ. ಗ್ರಾಫ್ಟ್ ಓರೆಯಾಗಿ ವೇನ್‌ಗೆ ಸೇರುವ ಚೂಪು ಮೂಲೆಯಲ್ಲಿ ಸೆಲ್‌ಗಳು ತಿರುಚಿಕೊಳ್ಳುತ್ತವೆ. ನಾನ್-ಆರ್ಥೊಗೊನಾಲಿಟಿ (ಆ ಓರೆತನದ ಅಳತೆ) 70 ಡಿಗ್ರಿ ದಾಟಿದ್ದರೆ ಆ ಮೂಲೆಯನ್ನು ಮತ್ತೆ ಮೆಶ್ ಮಾಡಿ. ಮೂಲೆಯನ್ನು ಉಜ್ಜಿ ದುಂಡು ಮಾಡಿ ತಪ್ಪಿಸಿಕೊಳ್ಳುವುದು ಬೇಡ, ಹೊಲಿಗೆಯ ಕೋನವೇ ಬದಲಾದರೆ ನೀವು ಬೇರೆ ಆಪರೇಶನ್‌ನ ಸಿಮ್ಯುಲೇಶನ್ ಮಾಡಿದ ಹಾಗಾಗುತ್ತದೆ.

ಈಗ ಅದುರುವಿಕೆಗೆ ಬರೋಣ

ಮೇಲಿನದೆಲ್ಲ ಸರಿ ಇದೆ, ಆದರೂ ವೇನ್ ಕಡೆ ವೇಗ ಅದುರುತ್ತಿದೆ. ಮೊದಲಿಗೆ, ನೀವು ಸ್ಟೆಡಿ ಸಾಲ್ವರ್ ಓಡಿಸುತ್ತಿದ್ದರೆ ಅದನ್ನು ಬಿಡಿ. ಹರಿವಿಗೇ ಸ್ಥಿರ ಸ್ಥಿತಿ ಇಲ್ಲದಿದ್ದರೆ ರೆಸಿಡ್ಯುಅಲ್ ಇಳಿಯುವುದಿಲ್ಲ, ಎಷ್ಟು ಸಾವಿರ ಇಟರೇಶನ್ ಕೊಟ್ಟರೂ ಅಷ್ಟೇ. ಸಮಯದ ಜೊತೆ ಲೆಕ್ಕ ಹಾಕುವ ಟ್ರಾನ್ಸಿಯೆಂಟ್‌ಗೆ ಬನ್ನಿ.

ಪಾಠಪುಸ್ತಕದಲ್ಲಿ ಕೊಳವೆಯ ಹರಿವು ರೆನಾಲ್ಡ್ಸ್ 2000 ದಾಟಿದ ಮೇಲೆ ಕೆಡುತ್ತದೆ ಅಂತ ಓದಿರುತ್ತೇವೆ, ಇಲ್ಲಿ ಬರೀ 1070, ಹಾಗಾದರೆ ಲ್ಯಾಮಿನಾರ್ (ಕದಡದ, ಶಾಂತ ಹರಿವು) ಆಗಬೇಕಲ್ಲ ಅನ್ನಿಸುತ್ತದೆ. ಆ 2000 ನೇರ ಕೊಳವೆಯದು. ಗ್ರಾಫ್ಟ್‌ನಿಂದ ಬರುವ ಧಾರೆ ವೇನ್‌ನ ಎದುರು ಗೋಡೆಗೆ ಬಡಿದು ತಿರುಗುತ್ತದೆ, ಟೋ ಹತ್ತಿರ ಗೋಡೆ ಬಿಡುತ್ತದೆ, ಪಕ್ಕದ ನಿಧಾನ ರಕ್ತದ ಜೊತೆ ಉಜ್ಜುತ್ತದೆ. ಇಂಥ ಕಡೆ ಸಾವಿರದ ಆಸುಪಾಸಿನಲ್ಲೇ ಹರಿವು ಕದಡಬಹುದು. ಶಿಕಾಗೋ ಸುತ್ತಮುತ್ತ ಕೆಲಸ ಮಾಡಿದ ಫ್ರಾನ್ಸಿಸ್ ಲೋತ್, ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದ ಪಾಲ್ ಫಿಶರ್ ಮತ್ತು ಅವರ ಜೊತೆಗಾರರು ಸ್ಪೆಕ್ಟ್ರಲ್ ಎಲಿಮೆಂಟ್ ವಿಧಾನದಲ್ಲಿ ಇದನ್ನು ಬಹಳ ಚೆನ್ನಾಗಿ ತೋರಿಸಿದ್ದಾರೆ. ಅವರ 2003ರ ಪ್ರಬಂಧ ಈ ಕದಡಿದ ಹರಿವನ್ನು ವೇನ್ ಗೋಡೆಯ ಕಂಪನಕ್ಕೂ, ಗೋಡೆಯ ಜೀವಕೋಶಗಳೊಳಗಿನ ಒಂದು ಸಂಕೇತ ಸರಪಳಿಗೂ ಜೋಡಿಸಿ ನೋಡಿತು. ಗ್ರಾಫ್ಟ್‌ಗಳು ಕೈಕೊಡುವುದು ಹೆಚ್ಚಾಗಿ ಈ ವೇನ್ ಜೋಡಣೆಯಲ್ಲೇ, ಒಳಪದರ ದಪ್ಪವಾಗಿ ದಾರಿ ಕಿರಿದಾಗುವುದರಿಂದ. ಅಂದರೆ ನೀವು ಅಳಿಸಿ ಹಾಕಲು ಹೊರಟಿರುವ ಅದುರುವಿಕೆ ನೀವು ಹುಡುಕಬೇಕಾದ ವಿಷಯವೇ ಆಗಿರಬಹುದು.

ಪರೀಕ್ಷೆಗಳಲ್ಲಿ ನನಗೆ ಅತಿ ಇಷ್ಟವಾದದ್ದು, ಅತಿ ಅಗ್ಗದ್ದೂ ಹೌದು: ಹರಿವನ್ನು ನಿಮಿಷಕ್ಕೆ 300 ಮಿಲಿಗೆ ಇಳಿಸಿ, ಏರಿಳಿತವಿಲ್ಲದೆ ಸ್ಥಿರವಾಗಿ ಕೊಡಿ. ರೆನಾಲ್ಡ್ಸ್ 320ರ ಹತ್ತಿರ ಬರುತ್ತದೆ. ನಿಜವಾದ ಕದಡುವಿಕೆಯಾದರೆ ಸ್ವಲ್ಪ ಹೊತ್ತಿನಲ್ಲಿ ಶಾಂತವಾಗಬೇಕು. ಅಲ್ಲೂ ಅದುರುತ್ತಲೇ ಇದ್ದರೆ ತಪ್ಪು ಮೆಶ್‌ನಲ್ಲೋ ಸ್ಕೀಮ್‌ನಲ್ಲೋ ಇದೆ. ಇದೊಂದರಲ್ಲೇ ಬಹಳಷ್ಟು ಕೇಸ್‌ಗಳು ಇತ್ಯರ್ಥವಾಗುತ್ತವೆ.

ಅದರಲ್ಲಿ ಪಾಸಾದರೆ ಪ್ರೋಬ್‌ಗಳನ್ನು ಇಡಿ: ಗ್ರಾಫ್ಟ್ ಮಧ್ಯದಲ್ಲೊಂದು, ಹೀಲ್, ಟೋ, ಮತ್ತು ಟೋ ದಾಟಿ ವೇನ್‌ನೊಳಗೆ ಎರಡು-ಮೂರು ವ್ಯಾಸದಷ್ಟು ದೂರದಲ್ಲಿ. ಪ್ರತಿ ಟೈಮ್ ಸ್ಟೆಪ್‌ನಲ್ಲೂ ಬರೆಸಿ. ಗ್ರಾಫ್ಟ್ ಮಧ್ಯದಲ್ಲಿ ಹೆಚ್ಚು ಕಮ್ಮಿ ಶಾಂತವಾಗಿದ್ದು ವೇನ್‌ನಲ್ಲಿ ಜೋರಾಗಿದ್ದರೆ ಅದು ಭೌತಿಕ ಚಿತ್ರಕ್ಕೆ ಹೊಂದುತ್ತದೆ. ಎಲ್ಲ ಕಡೆ ಒಂದೇ ಥರ, ಅದೂ ಒಂದು ಸೆಲ್ ಮೇಲೆ ಪಕ್ಕದ್ದು ಕೆಳಗೆ ಅನ್ನುವ ಹಾಗೆ ಇದ್ದರೆ ಅದು ಸಾಲ್ವರ್‌ನದು. ಆಮೇಲೆ ಟೈಮ್ ಸ್ಟೆಪ್ ಅರ್ಧ ಮಾಡಿ ಮತ್ತೆ ಓಡಿಸಿ ಫ್ರೀಕ್ವೆನ್ಸಿ ಹೋಲಿಸಿ. ಹರ್ಟ್ಜ್‌ನಲ್ಲಿ ಅಲ್ಲೇ ನಿಂತರೆ ರಕ್ತದ್ದು. ಟೈಮ್ ಸ್ಟೆಪ್ ಜೊತೆಗೇ ಓಡಿಹೋದರೆ ಲೆಕ್ಕದ್ದು. ಮೆಶ್ ಸಣ್ಣದು ಮಾಡಿದಾಗಲೂ ಇದೇ ಮಾತು, ಆದರೆ ಕದಡಿದ ಹರಿವಿನಲ್ಲಿ ಕ್ಷಣಕ್ಷಣದ ವೇಗ ಎರಡು ಮೆಶ್‌ಗಳ ನಡುವೆ ತಾಳೆಯಾಗುವುದಿಲ್ಲ. ಸರಾಸರಿ ಮತ್ತು ಏರಿಳಿತದ ಪ್ರಮಾಣ ಹೋಲಿಸಿ.

ಟೈಮ್ ಸ್ಟೆಪ್ ಎಷ್ಟಿರಬೇಕು ಅಂತ ಕೇಳುತ್ತೀರಿ. ಈ ಕದಡುವಿಕೆ ನೂರರಿಂದ ಕೆಲವು ನೂರು ಹರ್ಟ್ಜ್ ವರೆಗೆ ಹೋಗುತ್ತದೆ. 300 ಹರ್ಟ್ಜ್‌ನ ಒಂದು ಅಲೆಗೆ 20 ಬಿಂದು ಬೇಕು ಅಂದರೂ ಸ್ಟೆಪ್ 0.00017 ಸೆಕೆಂಡ್ ಆಗುತ್ತದೆ. ಬಹಳ ಜನ ಬಳಸುವ 0.01 ಸೆಕೆಂಡ್‌ನಲ್ಲಿ 50 ಹರ್ಟ್ಜ್‌ಗಿಂತ ಮೇಲಿನದು ಕಾಣಲು ಸಾಧ್ಯವೇ ಇಲ್ಲ. ಹೃದಯದ ಬಡಿತವನ್ನು ತೋರಿಸಲು ಅದು ಸಾಕು, ಥ್ರಿಲ್‌ಗೆ ಸಾಲದು. ಟೈಮ್ ಸ್ಕೀಮ್ ಕೂಡ ಸೆಕೆಂಡ್ ಆರ್ಡರ್ ಇರಲಿ, ಸಾದಾ ಆಯ್ಲರ್ ಇದನ್ನು ನುಂಗಿಹಾಕುತ್ತದೆ.

ಕೆ-ಎಪ್ಸಿಲಾನ್ ಬಗ್ಗೆ ಒಂದು ಮಾತು. ಪೂರ್ತಿ ಟರ್ಬುಲೆಂಟ್ ಆದ ಹರಿವಿಗೆ ಮಾಡಿದ ಮಾಡೆಲ್ ಅದು. ನೀವು ಈಗಾಗಲೇ ಹಾಕಿದ್ದರೆ ಎಡ್ಡಿ ವಿಸ್ಕಾಸಿಟಿಯನ್ನು (ಮಾಡೆಲ್ ತಾನಾಗಿ ಸೇರಿಸುವ ಹೆಚ್ಚುವರಿ ಸ್ನಿಗ್ಧತೆ) ರಕ್ತದ ಸ್ನಿಗ್ಧತೆಯಿಂದ ಭಾಗಿಸಿ ನೋಡಿ. ಗ್ರಾಫ್ಟ್‌ನ ನೇರ ಭಾಗದಲ್ಲಿ ಅದು 10 ಅಂತ ಬಂದರೆ, ನೀವು ರಕ್ತದ ಬದಲು ಅಡುಗೆ ಎಣ್ಣೆಯಷ್ಟು ಮಂದವಾದ ದ್ರವವನ್ನು ಹರಿಸುತ್ತಿದ್ದೀರಿ. ಆ ಮಂದವೇ ಅದುರುವಿಕೆ ನಿಲ್ಲಿಸಿದ್ದು. ಮಾಡೆಲ್ ತೆಗೆದು ಮೆಶ್‌ಗೆ ಖರ್ಚು ಮಾಡಿ, ಅಷ್ಟು ಕಂಪ್ಯೂಟರ್ ಶಕ್ತಿ ಇಲ್ಲದಿದ್ದರೆ ದೊಡ್ಡ ಸುಳಿಗಳನ್ನಷ್ಟೇ ನೇರವಾಗಿ ಲೆಕ್ಕ ಹಾಕುವ ಲಾರ್ಜ್ ಎಡ್ಡಿ ವಿಧಾನ ನೋಡಿ.

ಶಿಯರ್ ಚಿತ್ರ ವಿಚಿತ್ರವಾಗಿದೆ

ಓಎಸ್‌ಐ, ಅಂದರೆ ಶಿಯರ್‌ನ ದಿಕ್ಕು ಎಷ್ಟು ಹಿಂದೆಮುಂದೆ ಆಗುತ್ತದೆ ಅನ್ನುವ ಅಳತೆ, 0 ಮತ್ತು 0.5ರ ನಡುವೆಯೇ ಇರಬೇಕು. ಎಲ್ಲ ಕಡೆ ಸೊನ್ನೆ ಬಂದರೆ ನೀವು ವೆಕ್ಟರ್ ಬದಲು ಅದರ ಪರಿಮಾಣವನ್ನು ಸರಾಸರಿ ಮಾಡಿದ್ದೀರಿ. ಸೊನ್ನೆಗಿಂತ ಕೆಳಗೆ ಹೋದರೆ ವೆಕ್ಟರ್‌ನ ಸರಾಸರಿಯನ್ನೂ ಪರಿಮಾಣದ ಸರಾಸರಿಯನ್ನೂ ಬೇರೆ ಬೇರೆ ಅವಧಿಗೆ ತೆಗೆದಿದ್ದೀರಿ. ಒಂದು ಬಡಿತಕ್ಕೆ ಹತ್ತು ಫ್ರೇಮ್ ಉಳಿಸಿ ಆಮೇಲೆ ಲೆಕ್ಕ ಹಾಕಿದರೂ ವೇನ್ ಕಡೆ ಅರ್ಥವಿಲ್ಲದ ಅಂಕಿ ಬರುತ್ತದೆ, ಸಾಲ್ವರ್ ಓಡುತ್ತಿರುವಾಗಲೇ ಪ್ರತಿ ಸ್ಟೆಪ್ ಕೂಡಿಸಿಕೊಳ್ಳಬೇಕು. ಮೊದಲ ಬಡಿತ ಬಿಟ್ಟುಬಿಡಿ. ಕದಡಿದ ಹರಿವಿನಲ್ಲಿ ಒಂದು ಬಡಿತ ಇನ್ನೊಂದರ ಹಾಗೆ ಇರುವುದಿಲ್ಲ, ಅದಕ್ಕೆ ಹಲವು ಬಡಿತಗಳ ಸರಾಸರಿ ಬೇಕು.

ಗೋಡೆಯ ಮೇಲೆ ಸಮ ಅಂತರದಲ್ಲಿ ಪಟ್ಟೆ ಪಟ್ಟೆಯಾಗಿ ಶಿಯರ್ ಕಂಡರೆ ಅದು ಸಿಟಿ ಸ್ಲೈಸ್‌ಗಳ ಮೆಟ್ಟಿಲು. ಟೌಬಿನ್ ವಿಧಾನದಲ್ಲಿ ಸ್ಮೂತ್ ಮಾಡಿ, ಸಾದಾ ಲಾಪ್ಲಾಸಿಯನ್ ಕೊಳವೆಯನ್ನು ಕುಗ್ಗಿಸುತ್ತದೆ.

ಸ್ನಿಗ್ಧತೆಯ ಮಾಡೆಲ್ ಬಗ್ಗೆ ಜನ ಬೇಕಾದ್ದಕ್ಕಿಂತ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಾರೆ. ಇಲ್ಲಿ ಗೋಡೆಯ ಶಿಯರ್ ರೇಟ್ ಸೆಕೆಂಡಿಗೆ 780ರ ಮೇಲಿದೆ, ಅಷ್ಟರಲ್ಲಿ ರಕ್ತ ನ್ಯೂಟೋನಿಯನ್ ಥರವೇ (ಸ್ನಿಗ್ಧತೆ ಬದಲಾಗದೆ) ನಡೆದುಕೊಳ್ಳುತ್ತದೆ. ಕಿಡ್ನಿ ಕೆಟ್ಟವರಲ್ಲಿ ರಕ್ತಹೀನತೆ ಸಾಮಾನ್ಯ, ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಕಡಿಮೆ ಇದ್ದರೆ ಸ್ನಿಗ್ಧತೆಯೂ ಕಡಿಮೆ, ರೆನಾಲ್ಡ್ಸ್ ಜಾಸ್ತಿ. ಸ್ನಿಗ್ಧತೆ ಬದಲಾಗುವ ಕರೋ-ಯಾಸುದಾ ಮಾಡೆಲ್ ಹಾಕುವುದಕ್ಕಿಂತ ಆ ರೋಗಿಯ ಹೆಮಟೋಕ್ರಿಟ್ ಕೇಳಿ ತಿಳಿದುಕೊಳ್ಳುವುದು ಜಾಸ್ತಿ ಉಪಯೋಗ.

ಎಲ್ಲ ಪಾಸಾಗಿಯೂ ಶಿಯರ್ ನಿರೀಕ್ಷೆಗಿಂತ ಎತ್ತರವಾಗೇ ಇದ್ದರೆ ವ್ಯಾಸ ಅಳೆಯಿರಿ. ಒಂದೇ ಹರಿವಿಗೆ ಶಿಯರ್ ವ್ಯಾಸದ ಘನಕ್ಕೆ ವಿಲೋಮವಾಗಿ ಹೋಗುತ್ತದೆ. ಸೆಗ್ಮೆಂಟೇಶನ್‌ನಲ್ಲಿ (ಸ್ಕ್ಯಾನ್‌ನಿಂದ ನಾಳವನ್ನು ಬೇರ್ಪಡಿಸುವಾಗ) ಥ್ರೆಶೋಲ್ಡ್ ಸ್ವಲ್ಪ ಬಿಗಿಯಾಗಿ 6 ಮಿಮೀ ಕೊಳವೆ 5.5 ಆಗಿದ್ದರೆ ಶಿಯರ್ 30 ಪ್ರತಿಶತ ಏರಿರುತ್ತದೆ. ಗ್ರಾಫ್ಟ್‌ನ ಒಂದು ಅನುಕೂಲ ಅಂದರೆ ಅದರ ವ್ಯಾಸ ಪೆಟ್ಟಿಗೆಯ ಮೇಲೆ ಅಚ್ಚಾಗಿರುತ್ತದೆ, ಆಪರೇಶನ್ ನೋಟ್ಸ್‌ನಲ್ಲೂ ಸಿಗುತ್ತದೆ. ಎಸ್‌ಟಿಎಲ್‌ನ ಮಧ್ಯ ಭಾಗದಲ್ಲಿ ಅಳೆದು ಅದರ ಜೊತೆ ಹೋಲಿಸಿ. ಕಡಿಮೆ ಬಂದರೆ ಅದೇ ಜಾಗದ ಅಲ್ಟ್ರಾಸೌಂಡ್ ಅಳತೆ ಕೇಳಿ, ಯಾಕೆಂದರೆ ಒಳಗೆ ಪದರ ಬೆಳೆದು ನಿಜವಾಗಿಯೇ ಕಿರಿದಾಗಿರಬಹುದು. ಅಲ್ಟ್ರಾಸೌಂಡ್‌ನಲ್ಲಿ 6 ಇದ್ದು ನಿಮ್ಮಲ್ಲಿ 5.5 ಇದ್ದರೆ ಥ್ರೆಶೋಲ್ಡ್ ಸರಿ ಮಾಡಿ ಮೆಶ್‌ನಿಂದ ಮತ್ತೆ ಶುರು ಮಾಡಿ. ವೇನ್‌ನ ವ್ಯಾಸವೂ ಅದೇ ಥ್ರೆಶೋಲ್ಡ್‌ನಿಂದ ಬಂದದ್ದು, ಅದೂ ಅಷ್ಟೇ ತಪ್ಪಿರುತ್ತದೆ.